ಎರಡನೇ ಪಾಳಿ

"ಮಲಗಿದ್ದಿದ್ರೆ ಕ್ಷಮಿಸಿಬಿಡ್ತಿದ್ದೆ ಕಣ್ರೀ," ಎಂದ ಭಾವ, ಬೋಟು ಕಟ್ಟುವ ದಕ್ಕೆಯಲ್ಲಿ ಮೀನಿನ ಬುಟ್ಟಿಗಳ ಸುತ್ತ ನೆರೆದಿದ್ದ ಅಷ್ಟೂ ಜನಕ್ಕೆ ಕೇಳುವ ಹಾಗೆ. ಕೈಗೇನಾಯಿತು ಎಂದು ಯಾರೋ ಹೊಸ ಗಿರಾಕಿ ಕೇಳಿದ್ದ, ಅಷ್ಟೇ. ಭಾವ ಬ್ಯಾಂಡೇಜು ಸುತ್ತಿದ ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. "ಮನುಷ್ಯ ಅಂದ್ಮೇಲೆ ನಿದ್ದೆ ಬರುತ್ತೆ. ಇವನು ಮಲಗಿರ್ಲಿಲ್ಲ. ನಾನು ಕೂಗಿದೆ, ಇದ್ದೀನಿ ಅಂದ. ಮತ್ತೆ ಕೂಗಿದೆ, ಮತ್ತೆ ಇದ್ದೀನಿ ಅಂದ. ಕಣ್ಣು ಬಿಟ್ಕೊಂಡೇ ನನ್ನ ಎರಡು ಬೆರಳು ತಿಂದ. ಹೆಂಡ್ತಿ ತಮ್ಮ ಅಂತ ಬೋಟಿಗೆ ಹತ್ತಿಸ್ಕೊಂಡೆ ನೋಡಿ. ಇವನಿಗಿಂತ ಲಂಗರು ವಾಸಿ. ಎಸೆದ ಕಡೆ ಆದ್ರೂ ಇರುತ್ತೆ."

ಜನ ನಕ್ಕರು. ಐಸು ಹೊರುವವರು ನಕ್ಕರು, ಬುಟ್ಟಿ ಎತ್ತುವ ಹೆಂಗಸರು ನಕ್ಕರು, ಎಲ್ಲರಿಗಿಂತ ಹೆಚ್ಚಾಗಿ ಇಂಜಿನ್ನಿನವನು ನಕ್ಕ, ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡು, "ಇವನಿಗೆ ಹೆಣ್ಣು ಕೊಡೋರಿದ್ರೆ ಈಗ್ಲೇ ಕೇಳಿಸ್ಕೊಳ್ಳಿ. ಕರೆದ್ರೆ ಓಗೊಡ್ತಾನೆ, ಎದ್ದು ಮಾತ್ರ ಬರಲ್ಲ," ಎಂದ. ಇನ್ನೊಂದು ಸುತ್ತು ನಗೆ. ಅವನು, ಆ ಹೆಂಡತಿಯ ತಮ್ಮ, ಪೈಪು ಹಿಡಿದು ಬೋಟಿನ ಹಲಗೆ ತೊಳೆಯುತ್ತಿದ್ದವನು, ತೊಳೆಯುತ್ತಲೇ ಇದ್ದ. ಎರಡು ಹಲಗೆಗಳ ಸಂದಿಯಲ್ಲಿ ಒಂದು ಮೀನಿನ ಕಣ್ಣು ಸಿಕ್ಕಿಕೊಂಡಿತ್ತು, ಬರೀ ಕಣ್ಣು, ಮೀನಿಲ್ಲ. ನೀರು ಅದರ ಮೇಲೆ ಎಷ್ಟು ಹರಿದರೂ ಅದು ಜಾಗ ಬಿಡಲೊಲ್ಲದು. ಸಿಟ್ಟು ಬರಬೇಕಿತ್ತು. ಒಂದು ತಿಂಗಳ ಕೆಳಗಾಗಿದ್ದರೆ ಪೈಪನ್ನು ಇಂಜಿನ್ನಿನವನ ಮುಖಕ್ಕೇ ತಿರುಗಿಸಿರುತ್ತಿದ್ದ. ಸಿಟ್ಟಿಗೆ ಅವನು ಹೆಸರುವಾಸಿಯಾಗಿದ್ದವನೇ. ಈಗ ಸಿಟ್ಟು ಇರಬೇಕಾದ ಜಾಗವನ್ನು ಮುಟ್ಟಿ ನೋಡಿಕೊಂಡರೆ, ಹಲ್ಲು ಕೀಳಿಸಿಕೊಂಡ ದಿನ ಸೂಜಿಮದ್ದು ಇಳಿಯುವ ಮುಂಚೆ ಕೆನ್ನೆ ಮುಟ್ಟಿಕೊಂಡ ಹಾಗೆ: ಬೆರಳಿಗೆ ಕೆನ್ನೆ ಗೊತ್ತಾಗುತ್ತದೆ, ಕೆನ್ನೆಗೆ ಬೆರಳು ಗೊತ್ತಾಗುವುದಿಲ್ಲ. ನಲ್ಲಿ ನಿಲ್ಲಿಸಿದ. ಬಗ್ಗಿ ಉಗುರಿನಿಂದ ಆ ಕಣ್ಣನ್ನು ಕಿತ್ತು ನೀರಿಗೆ ಎಸೆದ.

ರಾತ್ರಿ ಬಲೆ ಇಳಿಸಿದ ಮೇಲೆ ಬೋಟು ನೀರಿನ ಸೆಳೆತಕ್ಕೆ ತೇಲುತ್ತದೆ, ಬೇರೆ ಬೋಟಿಗೆ ತಾಗದಂತೆ ಒಬ್ಬ ಎದ್ದು ಕಾಯಬೇಕು; ಇರುವುದು ನಾಲ್ಕೇ ಜನ. ಮೊದಲ ಪಾಳಿ ಅಜ್ಜನದು; ಅಜ್ಜ ಅಂದರೆ ಯಾರಿಗೂ ಅಜ್ಜನಲ್ಲ, ಬಲೆ ಹೆಣೆಯುವ ಮುದುಕ, ದಕ್ಕೆಯಲ್ಲಿ ಎಲ್ಲರಿಗೂ ಅಜ್ಜನೇ. ಮೂರನೆಯದು ಇಂಜಿನ್ನಿನವನದು. ನಡುವಿನದು, ಹನ್ನೆರಡರಿಂದ ಮೂರರ ತನಕದ್ದು, ಅವನದಾಗಿತ್ತು. ಬೆಳಿಗ್ಗೆ ಬಲೆ ಎತ್ತಿಸಿ ಚುಕ್ಕಾಣಿ ಹಿಡಿದು ದಡ ಸೇರಿಸಬೇಕಾದವನು ಭಾವ, ಹಾಗಾಗಿ ಭಾವನಿಗೆ ಪಾಳಿಯಿಲ್ಲ, ನಿದ್ದೆಯೂ ಇಲ್ಲ. ಟಾರ್ಪಾಲಿನೊಳಗೆ ತಲೆ ಹುದುಗಿಸಿಕೊಂಡು ಅರ್ಧರ್ಧ ಗಂಟೆಯ ತುಂಡು ತುಂಡು ನಿದ್ದೆ. ಪ್ರತಿ ತುಂಡಿನ ಕೊನೆಗೆ ಕಣ್ಣು ಬಿಡದೆ, ಮಗ್ಗುಲೂ ಬದಲಿಸದೆ, "ಹೋಯ್" ಅನ್ನುತ್ತಾನೆ. ಪಾಳಿಯವನು "ಇದ್ದೀನಿ" ಅನ್ನಬೇಕು. ಅಷ್ಟೇ ಮಾತು. ಆ ಮಾತು ಕಿವಿಗೆ ಬಿದ್ದರೆ ಭಾವ ಮತ್ತೆ ನಿದ್ದೆಗೆ ಜಾರುತ್ತಾನೆ, ಅವನ ಜೊತೆ ಉಳಿದಿಬ್ಬರೂ. ಆ ಕಡಲಿನಲ್ಲಿ ಎಲ್ಲ ಬೋಟುಗಳಲ್ಲೂ ಹಾಗೇ. ಗಾಳಿಯಿಲ್ಲದ ರಾತ್ರಿ ಕಿವಿಗೊಟ್ಟರೆ ಕತ್ತಲೆಯಲ್ಲಿ ದೂರದಿಂದ ಒಂದು ಹೋಯ್, ಅದಕ್ಕೊಂದು ಇದ್ದೀನಿ. ಇನ್ನೂ ದೂರದಿಂದ ಇನ್ನೊಂದು. ಪಾಳಿಗೆ ಹೊಸಬನಾಗಿದ್ದಾಗ ಅಜ್ಜ ಅವನಿಗೆ ಎಲ್ಲ ಹೇಳಿಕೊಟ್ಟಿದ್ದ. ಕೂರಬಾರದು, ಕೂತರೆ ಮುಗಿಯಿತು. ಹೊಟ್ಟೆ ಬಿರಿಯ ಉಣ್ಣಬಾರದು. ಚಹಾ ಪಾಳಿಯ ಮೊದಲಿಗಲ್ಲ, ನಡುವಿಗೆ. ಒಂದೇ ದೀಪವನ್ನು ದಿಟ್ಟಿಸಬಾರದು, ದೀಪ ಎಣಿಸಬೇಕು, ಎಣಿಸಿ ಮುಗಿದರೆ ಹಿಂದಿನಿಂದ ಎಣಿಸಬೇಕು. ಹಗಲು ನಾಲ್ಕು ತಾಸು ಮಲಗದವನು ರಾತ್ರಿ ಬೋಟು ಹತ್ತಬಾರದು. ಕೊನೆಗೆ ಅಜ್ಜ ಜೇಬಿನಿಂದ ಬಟ್ಟೆ ಒಣಹಾಕುವ ಕ್ಲಿಪ್ಪು ತೆಗೆದು ಅವನ ಕಿವಿಯ ಹಾಲೆಗೆ ಸಿಕ್ಕಿಸಿ, "ಓಲೆ ಚೆನ್ನಾಗಿ ಒಪ್ಪುತ್ತೆ ಕಣೋ ನಿಂಗೆ," ಅಂದಿದ್ದ. ಭಾವನ ಬೆರಳು ಹೋದ ರಾತ್ರಿಯೂ ಕಿವಿಯಲ್ಲಿ ಕ್ಲಿಪ್ಪಿತ್ತು. ಆ ಹಗಲೂ ನಾಲ್ಕು ತಾಸು ಮಲಗಿದ್ದ. ನಿಂತೇ ಇದ್ದ. ಒಂದಾದರೂ ತಪ್ಪಿದ್ದರೆ ಅದನ್ನು ಹಿಡಿದುಕೊಂಡು ಅಳಬಹುದಿತ್ತು.

ಅದಾದಮೇಲೆ ಮೂರು ವಾರ ಬೋಟು ಕಟ್ಟಿಹಾಕಿದ್ದರು. ಮತ್ತೆ ಹೊರಟ ಮೊದಲ ರಾತ್ರಿ, ಅಜ್ಜನ ಪಾಳಿ ಮುಗಿದಾಗ, ಅವನು ಎಂದಿನಂತೆ ಎದ್ದು ಚಹಾದ ಫ್ಲಾಸ್ಕಿಗೆ ಕೈ ಹಾಕಿದ್ದ. ಭಾವ ಟಾರ್ಪಾಲು ಸರಿಸಿ ಎದ್ದು, ಎಡಗೈಯಿಂದಲೇ ಫ್ಲಾಸ್ಕು ಕಿತ್ತುಕೊಂಡು, "ನೀನು ಮಲಗು," ಎಂದ. ಬೈಗುಳವಲ್ಲ, ಏನಲ್ಲ. ನೀನು ಮಲಗು. ಅಂದಿನಿಂದ ಆರು ಟ್ರಿಪ್ಪು, ಆರು ರಾತ್ರಿ, ಎರಡನೇ ಪಾಳಿ ಭಾವನೇ ನಿಲ್ಲುತ್ತಾನೆ, ವಾಸಿಯಾಗದ ಕೈಯನ್ನು ಚಳಿಗೆ ಕಂಕುಳಲ್ಲಿ ಅವುಚಿಕೊಂಡು. ಪಾಳಿ ಕಳಕೊಂಡ ಅವನು ಐಸಿನ ಪೆಟ್ಟಿಗೆಗೂ ಬಲೆಯ ರಾಶಿಗೂ ನಡುವೆ ಅಂಗಾತ ಮಲಗಿರುತ್ತಾನೆ. "ಜೋ ಜೋ ಹಾಡ್ಲಾ ರಾಜ?" ಎಂದು ಇಂಜಿನ್ನಿನವನು ಕೇಳುತ್ತಾನೆ. ಅವನು ಕಣ್ಣು ಮುಚ್ಚುವುದೇ ಇಲ್ಲ. ಭಾವನ ಕಾಲು ಹಲಗೆಯ ಮೇಲೆ ಎಷ್ಟು ಸಲ ಕದಲಿತು, ಎಷ್ಟು ಸಲ ಆಕಳಿಸಿದ, ಯಾವಾಗ ಸ್ವಲ್ಪ ತೂಗಿ ಮತ್ತೆ ನೆಟ್ಟಗಾದ, ಎಲ್ಲ ಅವನಿಗೆ ಗೊತ್ತು. ಬೋಟಿನಲ್ಲಿ ಈಗ ಅವನಷ್ಟು ಎಚ್ಚರವಾಗಿರುವವನು ಇನ್ನೊಬ್ಬನಿಲ್ಲ; ಅದು ಯಾರಿಗೂ ಬೇಕಾಗಿಲ್ಲ. ಪಾಳಿಯಿಲ್ಲದವನು ಬೋಟಿನಲ್ಲಿ ಆಳಲ್ಲ, ಸಾಮಾನು. ಇವತ್ತು ಸಂಜೆ ಬೋಟು ಹೊರಡುವ ಮುಂಚೆ ಕೇಳಿಬಿಡಬೇಕು ಎಂದುಕೊಂಡ. ಪ್ರತಿ ಸಲವೂ ಹಾಗೇ ಅಂದುಕೊಂಡಿದ್ದ. ಭಾವಾ, ನನ್ನ ಪಾಳಿ ನನಗೆ ಕೊಡಿ. ಐದು ಪದ.

ದಕ್ಕೆಯ ಗೇಟು ದಾಟಿ, ಐಸು ಕಾರ್ಖಾನೆಯ ಗೋಡೆಯ ನೆರಳಿನಲ್ಲಿ ನಡೆದು, ಅಂಗಡಿಗಳು ಬಾಗಿಲು ತೆರೆಯುವ ಹೊತ್ತಿಗೆ ಮನೆಗೆ ಬಂದ. ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೊರಟಿರುವಾಗ ಮಲಗಲು ಬರುವವನಿಗೆ ಬೀದಿಯಲ್ಲಿ ಎದುರಾದವರೆಲ್ಲ ಭುಜ ತಾಗಿಸಿಕೊಂಡೇ ಹೋಗುತ್ತಾರೆ. ಟೈಲರಿಂಗ್ ಅಂಗಡಿಯ ಮೇಲೆ ಎರಡು ಕೋಣೆ. ಒಂದರಲ್ಲಿ ಅಕ್ಕ, ಭಾವ. ಇನ್ನೊಂದರಲ್ಲಿ ಒಲೆ, ಬೀರು, ಅವನು. ಕಿಟಕಿಗೆ ಟಿವಿ ಬಂದ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ಹೊಡೆದಿತ್ತು, ಹಗಲನ್ನು ರಾತ್ರಿ ಮಾಡಲಿಕ್ಕೆ. ಮೊಳೆ ಹೊಡೆದ ತೂತುಗಳಲ್ಲಿ ಬೆಳಕು ಸಣ್ಣ ಸಣ್ಣದಾಗಿ ತೂರಿ ಬರುತ್ತಿತ್ತು. ಬೋಟಿನವರನ್ನು ಮಲಗಿಸುವುದೇ ಅಕ್ಕನಿಗೆ ಒಂದು ಕಸುಬಾಗಿಬಿಟ್ಟಿದೆ. ಗಂಡಸರು ಮಲಗಿರುವಾಗ ಕುಕ್ಕರು ಇಡುವುದಿಲ್ಲ, ಸೀಟಿ ಹಾಕುತ್ತದೆಂದು. ಸದ್ದಾಗದಂತೆ ಬಟ್ಟೆ ಹಾಸಿ ತಟ್ಟೆ ಇಡುತ್ತಾಳೆ. ಕೆಮ್ಮು ಬಂದರೆ ಮೆಟ್ಟಿಲಿಳಿದು ಬೀದಿಗೆ ಹೋಗಿ ಕೆಮ್ಮುತ್ತಾಳೆ. "ಅವರು ಬರ್ಲಿಲ್ವಾ?" ಎಂದಳು. "ಕೈ ಕಟ್ಟಿಸ್ಕೊಂಡು ಬರ್ತಾರಂತೆ, ಆಸ್ಪತ್ರೇಲಿ," ಎಂದ. "ಇವತ್ತೂ ಏನಾದ್ರೂ ಅಂದ್ರಾ?" ಅವನು ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿದ. ಅಕ್ಕ ತಟ್ಟೆಯಲ್ಲಿ ಅನ್ನ ಹಾಕಿ ಎದುರಿಗೆ ಕೂತು, ಅವನು ತುತ್ತು ಕಲಸುವುದನ್ನೇ ನೋಡುತ್ತಾ, "ಹಠಕ್ಕೆ ಬಿದ್ದವರ ಹತ್ರ ಏನು ಮಾತಾಡೋದು. ಊಟ ಮಾಡು," ಎಂದಳು.

ಚಾಪೆಯ ಮೇಲೆ ಉರುಳಿದ. ಹೊರಗೆ ಹೊಲಿಗೆ ಯಂತ್ರ ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಆ ರಾತ್ರಿಯನ್ನು ಮತ್ತೊಮ್ಮೆ ಮೊದಲಿನಿಂದ ಹಾದುಹೋಗಲು ನೋಡಿದ, ದಿನವೂ ನೋಡುವ ಹಾಗೆ. ಎಡಗಡೆ ಒಂದು ಹಳದಿ ದೀಪ, ಲಂಗರು ಹಾಕಿ ನಿಂತ ಇನ್ನೊಂದು ಬೋಟು. ದೂರ ಇದೆ ಎಂದುಕೊಂಡದ್ದು ನೆನಪಿದೆ. ಹಿಂದಿನಿಂದ ಎಣಿಸಲು ಶುರು ಮಾಡಿದ್ದು ನೆನಪಿದೆ. ಅದಾದಮೇಲೆ ಮರಕ್ಕೆ ಮರ ಉಜ್ಜಿದ ಸದ್ದು, ಭಾವ ಎದ್ದು ಓಡಿದ್ದು, ಎರಡು ಬೋಟುಗಳ ನಡುವೆ ಕೈಯೊಡ್ಡಿ ತಳ್ಳಲು ಹೋದದ್ದು, ಮನುಷ್ಯರದ್ದಲ್ಲದ ಒಂದು ಕೂಗು. ಇದಕ್ಕೂ ಅದಕ್ಕೂ ನಡುವೆ ಏನೂ ಇಲ್ಲ. ಖಾಲಿಯೂ ಇಲ್ಲ, ದಾರವನ್ನು ಕತ್ತರಿಸಿ ಮತ್ತೆ ಗಂಟು ಹಾಕಿದ ಹಾಗೆ ಆ ದೀಪ, ಈ ಕೂಗು, ಒಂದಕ್ಕೊಂದು ಅಂಟಿಕೊಂಡೇ ಇವೆ. ನಾನು ಎರಡು ಸಲ ಕೂಗಿದೆ, ಎರಡು ಸಲವೂ ನೀನು ಉತ್ತರ ಕೊಟ್ಟೆ ಎನ್ನುತ್ತಾನೆ ಭಾವ. ಭಾವ ಸುಳ್ಳು ಹೇಳುವವನಲ್ಲ. ಹಾಗಾದರೆ ಎಚ್ಚರವೇ ಇದ್ದಿರಬೇಕು. ಎಚ್ಚರವಿದ್ದು, ದೀಪ ಹತ್ತಿರ ಬರುವುದನ್ನು ನೋಡಿ, ಸುಮ್ಮನಿದ್ದಿರಬೇಕು. ಯಾಕೆ? ಒಂದು ತಿಂಗಳಿಂದ ಅವನು ತನ್ನೊಳಗೆ ಕೈಯಾಡಿಸಿ ಆ ಕಾರಣವನ್ನು ಹುಡುಕುತ್ತಿದ್ದ. ಹುಡುಕಿದರೆ ಸಿಗದೆ ಏನು. ಭಾವ ಉಂಡು ಕೈ ತೊಳೆದ ನೀರನ್ನು ಅವನ ತಟ್ಟೆಗೇ ಚೆಲ್ಲಿದ ದಿನವೊಂದು ಸಿಕ್ಕಿತು. ಅಕ್ಕನಿಗೆ ಎಲ್ಲರೆದುರು, ನಿನ್ನ ತವರಿಂದ ಬಂದಿದ್ದು ಇದೊಂದೇ ಗಂಟು ಎಂದು ಅವನ ಕಡೆ ಬೆರಳು ತೋರಿಸಿದ್ದು ಸಿಕ್ಕಿತು. ಆ ಬೆರಳು ಬಲಗೈಯದೇ. ಹೀಗೆ ಒಂದೊಂದೇ ಜೋಡಿಸಿಕೊಂಡು, ಹೌದು, ನಾನು ನೋಡಿಕೊಂಡೇ ಬಿಟ್ಟಿರಬೇಕು, ನಾನು ಅಂಥವನೇ, ಎಂಬಲ್ಲಿಗೆ ಬಂದು ನಿಂತಿದ್ದ. ಅಲ್ಲಿ ಒಂದು ಬಗೆಯ ನೆಮ್ಮದಿಯೂ ಇತ್ತು. ಏಳನೇ ಕ್ಲಾಸಿನಲ್ಲಿ ಹಾಜರಿ ಕರೆಯುವಾಗ ಹಿಂದಿನ ಬೆಂಚಿನ ಗೈರುಹಾಜರಾದವನಿಗೂ ತಾನೇ ದನಿ ಬದಲಿಸಿ ಹಾಜರ್ ಸಾರ್ ಅಂದಿದ್ದ. ಮೇಷ್ಟ್ರು ಇಡೀ ದಿನ ಬೆಂಚಿನ ಮೇಲೆ ನಿಲ್ಲಿಸಿ, ಇನ್ನೊಬ್ಬನ ಹಾಜರಿ ಹೇಳುವವನು ತನ್ನ ಹಾಜರಿಯನ್ನೂ ಕಳಕೊಳ್ಳುತ್ತಾನೆ ಎಂದು ರಿಜಿಸ್ಟರಿನಲ್ಲಿ ಅವನ ಹೆಸರಿನ ಮೇಲೇ ಕೆಂಪು ಗೀಟು ಎಳೆದಿದ್ದರು. ಮರುದಿನದಿಂದ ಶಾಲೆಗೆ ಹೋಗಲಿಲ್ಲ. ಅಲ್ಲಿಯೂ ತಪ್ಪು ತನ್ನದೇ ಆಗಿತ್ತು, ಅದನ್ನು ಯಾರೂ ಅವನಿಂದ ಕಿತ್ತುಕೊಳ್ಳುವಂತಿರಲಿಲ್ಲ. ಹೊಲಿಗೆ ಯಂತ್ರ ನಿಂತಿತು.

ಕಣ್ಣು ಬಿಟ್ಟಾಗ ಅಕ್ಕ ಚಾಪೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಕೈ ಬಾಯಿಯ ಮೇಲಿತ್ತು.

"ಏನಕ್ಕಾ? ಟೈಮಾಯ್ತಾ?"

"ಇಲ್ಲ. ಎರಡೂವರೆ ಈಗ." ಅವಳು ಬಗ್ಗಿ ಅವನ ಕಣ್ಣನ್ನೇ ನೋಡಿದಳು. "ನೀನು ಈಗ ನಿದ್ದೆ ಮಾಡ್ತಿದ್ಯಾ?"

"ಮತ್ತೇನು ಮಾಡ್ತಿದ್ದೆ?"

"ಕೆಳಗಡೆ ತರಕಾರಿಯವನು ಹೋಯ್ ಅಂತ ಕೂಗಿದ. ನೀನು ಇದ್ದೀನಿ ಅಂದೆ."

ಅವನು ಎದ್ದು ಕೂತ.

"ಎದ್ದಿದೀಯೇನೋ ಅಂತ ಒಳಗೆ ಬಂದೆ. ಗೊರಕೆ ಹೊಡೀತಿದ್ದೆ ಕಣೋ. ನಂಗೆ ಯಾಕೋ ಮೈ ಜುಂ ಅಂತು. ಇಲ್ಲೇ ಕೂತ್ಕೊಂಡು ಮೆಲ್ಲಗೆ ಹೋಯ್ ಅಂದೆ. ನೀನು ಇದ್ದೀನಿ ಅಂದೆ. ಚೆನ್ನಾಗಿ, ಎಚ್ಚರ ಇರೋರ ಥರಾನೇ, ಗಂಟಲು ಸರಿ ಮಾಡ್ಕೊಂಡು. ಮತ್ತೆ ಗೊರಕೆ. ಇನ್ನೂ ಎರಡು ಸಲ ನೋಡಿದೆ. ಊಟ ಹಾಕ್ಲಾ ಅಂದೆ, ಮಾತಿಲ್ಲ. ನಿನ್ನ ಹೆಸರು ಹಿಡಿದು ಕರೆದೆ, ಮಾತಿಲ್ಲ. ಹೋಯ್ ಅಂದ್ರೆ ಮಾತ್ರ." ಅವಳ ಕಣ್ಣು ತುಂಬಿ ಬಂದಿತ್ತು, ನಗುತ್ತಲೂ ಇದ್ದಳು. "ನೀನು ಬೇಕಂತ ಬಿಟ್ಟಿರ್ಲಿಲ್ಲ ಕಣೋ. ನಿದ್ದೇಲಿದ್ದೆ ನೀನು. ನಿಂಗೇ ಗೊತ್ತಿರ್ಲಿಲ್ಲ. ಅವರು ಬಂದ ತಕ್ಷಣ ಹೇಳ್ತೀನಿ, ತಡಿ."

"ಹೇಳ್ಬೇಡ."

"ಯಾಕೋ?"

"ಹೇಳ್ಬೇಡ ಅಕ್ಕಾ."

"ಮಲಗಿದ್ರೆ ಕ್ಷಮಿಸ್ತಿದ್ದೆ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತಾರಲ್ಲ? ಕ್ಷಮಿಸ್ಲಿ ಈಗ!"

"ಕ್ಷಮಿಸಿದ ಮೇಲೆ? ಅಸಡ್ಡೆ ಮಾಡಿದವನಿಗೆ ಇವತ್ತಲ್ಲ ನಾಳೆ ಪಾಳಿ ಕೊಟ್ಟಾರು. ನಿದ್ದೇಲಿ ಉತ್ತರ ಕೊಡೋನಿಗೆ ಯಾರು ಕೊಡ್ತಾರೆ? ಈ ಬೋಟಲ್ಲ, ಯಾವ ಬೋಟಲ್ಲೂ ಕೊಡಲ್ಲ."

"ಕೊಡದಿದ್ರೆ ಕತ್ತೆ ಬಾಲ! ಲೋಕದಲ್ಲಿ ಬೇರೆ ಕೆಲಸ ಇಲ್ವಾ? ಐಸು ಹೊರು, ಲಾರಿ ತೊಳಿ."

ಅಕ್ಕ ಎದ್ದು ಹೋಗಿ ಒಲೆ ಹಚ್ಚಿದಳು, ಬೆಂಕಿಕಡ್ಡಿ ಗೀರುವ ಸದ್ದನ್ನೂ ಮರೆಯಲ್ಲಿಟ್ಟುಕೊಂಡು, ಅವನು ಎದ್ದಿದ್ದರೂ ಅಭ್ಯಾಸಬಲದಿಂದ. ಅವನಿಗೆ ಬಿಡುಗಡೆ ಅನ್ನಿಸಬೇಕಿತ್ತು. ಎದೆಯ ಮೇಲಿನ ಕಲ್ಲು ಇಳಿದಂತೆ ಎನ್ನುತ್ತಾರಲ್ಲ, ಹಾಗೇನಾದರೂ ಆಗುತ್ತದೆಯೇ ಎಂದು ಕಾದು ನೋಡಿದ. ಆಗಲಿಲ್ಲ. ಒಂದು ತಿಂಗಳು ಕಷ್ಟಪಟ್ಟು ಕಟ್ಟಿಕೊಂಡಿದ್ದ ಪಾಪವನ್ನೂ ಯಾರೋ ಬಂದು ಎತ್ತಿಕೊಂಡು ಹೋದ ಹಾಗಿತ್ತು. ನಾನು ಕೆಟ್ಟವನು, ನೋಡಿಕೊಂಡೇ ಬಿಟ್ಟೆ ಅನ್ನುವಾಗ ನೋಡುವುದಕ್ಕೆ, ಬಿಡುವುದಕ್ಕೆ, ಒಬ್ಬ ನಾನಾದರೂ ಇದ್ದ. ಈಗ ಅವನೂ ಇಲ್ಲ. ಬಾಯಿಯೊಂದಿದೆ; ಕರೆದರೆ ಅದರಷ್ಟಕ್ಕೆ ಅದು ಉತ್ತರ ಕೊಡುತ್ತದೆ, ಗಂಟಲನ್ನೂ ಸರಿಮಾಡಿಕೊಳ್ಳುತ್ತದೆ. ಎಷ್ಟು ರಾತ್ರಿಯಿಂದ ಹೀಗೆ? ಮೂರು ವರ್ಷ ಎರಡನೇ ಪಾಳಿ ನಿಂತಿದ್ದ. ಅದರಲ್ಲಿ ಎಷ್ಟು ರಾತ್ರಿ ತಾನು ನಿಂತಿದ್ದು, ಎಷ್ಟು ರಾತ್ರಿ ಬಾಯಿ? ಬೆರಳಲ್ಲಿ ಕೆಳತುಟಿಯನ್ನು ಹಿಡಿದು ಎಳೆದು ಬಿಟ್ಟ. ಅದು ಹಿಂದಕ್ಕೆ ಹೋಗಿ ಹಲ್ಲಿಗೆ ಅಂಟಿಕೊಂಡಿತು. ಭಾವ ಮೆಟ್ಟಿಲು ಹತ್ತುವ ಸದ್ದಾಯಿತು. ಅವನು ಅಂಗಿ ಹಾಕಿಕೊಂಡು, ಎದುರಾದ ಭಾವನಿಗೆ ದಾರಿಬಿಟ್ಟು, ಕೆಳಗಿಳಿದ. ಬೀದಿಯಲ್ಲಿ ಟೈಲರು ಅಂಗಡಿ ಮುಂದೆ ನೀರು ಚೆಲ್ಲುತ್ತಿದ್ದ. ಮೇಲಿನಿಂದ ಅಕ್ಕನ ದನಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

ಸಂಜೆ ನಾಲ್ಕಕ್ಕೆ ಐಸು ತುಂಬಿ ಆಯಿತು, ಡೀಸೆಲ್ ತುಂಬಿ ಆಯಿತು. ಅಜ್ಜ ಹಲಗೆಯ ಮೇಲೆ ಕಾಲು ಚಾಚಿ ಹೆಬ್ಬೆರಳಿಗೆ ಬಲೆಯ ಅಂಚು ಸಿಕ್ಕಿಸಿಕೊಂಡು ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದ. ಭಾವ ಬಂದವನು ನೇರ ಚುಕ್ಕಾಣಿಯ ಗೂಡಿನ ಹಿಂದಕ್ಕೆ ಹೋಗಿ, ತಲೆಯಾಡಿಸಿ ಅವನನ್ನು ಕರೆದ. ಹೊಸ ಬ್ಯಾಂಡೇಜು, ಬೆಳ್ಳಗೆ. ಭಾವ ಅವನ ಮುಖ ನೋಡಲಿಲ್ಲ. ನೀರಿನ ಮೇಲೆ ತೇಲುತ್ತಿದ್ದ ಎಣ್ಣೆಯ ಬಣ್ಣಗಳನ್ನು ನೋಡುತ್ತಾ ತಗ್ಗಿದ ದನಿಯಲ್ಲಿ, "ನಿಮ್ಮಕ್ಕ ಏನೇನೋ ಹೇಳ್ತಾಳೆ," ಎಂದ.

ಅವನು ಕಾಲ ಬಳಿ ಬಿದ್ದಿದ್ದ ಹಗ್ಗವನ್ನು ಕೈಗೆತ್ತಿಕೊಂಡ.

"ನಿಜಾನಾ?"

"ಗೊತ್ತಿಲ್ಲ ಭಾವ."

"ಗೊತ್ತಿಲ್ಲ ಅಂದ್ರೆ?"

"ನಿದ್ದೇಲಿ ಆಗಿದ್ದು ನಂಗೆ ಹೇಗೆ ಗೊತ್ತಾಗ್ಬೇಕು?"

ಭಾವ ಎಡಗೈಯಿಂದ ಬ್ಯಾಂಡೇಜಿನ ಅಂಚನ್ನು ಎಳೆದೆಳೆದು ಸರಿಮಾಡಿದ. "ಇಪ್ಪತ್ತೆರಡು ವರ್ಷದಿಂದ ಈ ಕಡಲಲ್ಲಿ ಮಲಗ್ತಿದೀನಿ ನಾನು. ಆ ಒಂದು ಮಾತಿನ ಮೇಲೆ ಮಲಗ್ತಿದೀನಿ. ಈಗ ಹೋಗಿ ಅಜ್ಜನಿಗೆ, ಇಂಜಿನ್‌ನವನಿಗೆ ಹೇಳ್ಲಾ, ನೋಡ್ರಪ್ಪಾ ಉತ್ತರ ಬಂದ್ರೂ ಆಳಿಲ್ಲದೇ ಇರ್ಬಹುದು ಅಂತ? ನಾಳೆಯಿಂದ ಈ ಬೋಟಲ್ಲಿ ಯಾರಿಗೆ ನಿದ್ದೆ ಹತ್ತುತ್ತೆ? ಪಕ್ಕದ ಬೋಟಲ್ಲಿ? ಈ ಇಡೀ ದಕ್ಕೇಲಿ?" ಅವನ ಕಣ್ಣಿನ ಕೆಳಗೆ ಚರ್ಮ ಜೋತುಬಿದ್ದು ನೀಲಿಯಾಗಿತ್ತು, ಆರು ರಾತ್ರಿ ನಿದ್ದೆಯಿಲ್ಲ. "ಅದು ಬೇಡ. ಹೆಂಗಸರ ಮಾತು ಮನೇಲಿರ್ಲಿ. ನೀನು ಎಚ್ಚರ ಇದ್ದೆ. ಅಸಡ್ಡೆ ಮಾಡ್ದೆ. ವಯಸ್ಸು, ತಲೆ ಎಲ್ಲೋ ಇತ್ತು. ಆಗುತ್ತೆ. ಇವರ ಮುಂದೆ ಅಷ್ಟು ಹೇಳಿಬಿಡು, ತಪ್ಪಾಯ್ತು ಅನ್ನು. ಇವತ್ತು ರಾತ್ರಿಯಿಂದ ಎರಡನೇ ಪಾಳಿ ನಿಂದೇ."

"ಮತ್ತೆ ನಾನು ನಿದ್ದೇಲೇ ಇದ್ದೀನಿ ಅಂದ್ರೆ..."

"ನಾನು ಮಲಗಲ್ಲ ಬಿಡೋ," ಎಂದ ಭಾವ ಇನ್ನೂ ತಗ್ಗಿದ ದನಿಯಲ್ಲಿ. "ನೀನು ನಿಂತಿರೋವಾಗ ನಾನು ಟಾರ್ಪಾಲಿನೊಳಗೆ ಕಣ್ಣು ಬಿಟ್ಕೊಂಡೇ ಇರ್ತೀನಿ. ಅದು ನಮ್ಮಿಬ್ರಲ್ಲಿರ್ಲಿ. ಅವರು ಮಲಗ್ಲಿ."

ಬೇರೆ ಏನೂ ಹೇಳದೆ ಭಾವ ಮುಂದಕ್ಕೆ ಬಂದ. ದಕ್ಕೆಯ ಕಡೆ ಬೆಳಿಗ್ಗೆ ನಕ್ಕಿದ್ದವರಲ್ಲಿ ಐದಾರು ಜನ ಹಗ್ಗ ಬಿಚ್ಚಲು ನಿಂತಿದ್ದರು. ಭಾವ ಅವರಿಗೂ ಕೇಳಲೆಂದು ದನಿ ಎತ್ತಿದ. "ಇವನೇನೋ ಹೇಳ್ಬೇಕಂತೆ, ಕೇಳ್ರಪ್ಪಾ. ಹೇಳೋ. ಅವತ್ತು ನೀನು ಎಚ್ಚರ ಇದ್ಯಾ, ಇಲ್ವಾ?"

ಇಂಜಿನ್ನಿನವನು ಕೆಳಗಿನ ಗುಂಡಿಯಿಂದ ತಲೆ ಮೇಲಕ್ಕೆತ್ತಿದ. "ಹೇಳಪ್ಪಾ ರಾಜ, ಹೊತ್ತಾಗುತ್ತೆ." ಅಜ್ಜ ತಲೆಯೆತ್ತಲಿಲ್ಲ, ಆದರೆ ಅಜ್ಜನ ಕೈಯಲ್ಲಿ ಬಲೆಯ ಸೂಜಿ ನಿಂತುಬಿಟ್ಟಿತ್ತು. ನಲವತ್ತು ವರ್ಷ ಪಾಳಿ ನಿಂತವನು, ತಾನು ಅಂದ ಇದ್ದೀನಿಗಳಲ್ಲಿ ಎಷ್ಟು ನಿದ್ದೆಯವೋ, ಈ ಉತ್ತರ ತನ್ನನ್ನು ಎಲ್ಲಿಗೆ ತಳ್ಳುತ್ತದೋ ಎಂದು ಬಲೆಯ ಒಂದು ಕಣ್ಣಿನೊಳಗೆ ದೃಷ್ಟಿ ನೆಟ್ಟು ಕೂತಿದ್ದ.

ಹೂಂ ಎಂದರೆ ಸಾಕು. ಬೇಕಾದದ್ದು ಅದೇ, ಆರು ಟ್ರಿಪ್ಪಿನಿಂದ ಕೇಳಬೇಕೆಂದಿದ್ದದ್ದು ಕೇಳದೆಯೇ ಬಂದು ಎದುರಿಗೆ ನಿಂತಿತ್ತು. ಗಂಟಲಿನಲ್ಲಿ ಏನೋ ಕದಲಿತು. ನಾಲಿಗೆ ತಾನಾಗಿಯೇ ಎದ್ದು ಜಾಗಕ್ಕೆ ಹೋಗಿ ಕೂತುಕೊಳ್ಳುತ್ತಿತ್ತು, ತುಟಿ ಬಿಡಿಸಿಕೊಳ್ಳುತ್ತಿತ್ತು, ಉಸಿರು ಅದರಷ್ಟಕ್ಕೆ ತುಂಬಿಕೊಳ್ಳುತ್ತಿತ್ತು; ಎಲ್ಲ ತಯಾರಾಗುತ್ತಿತ್ತು, ಅವನನ್ನು ಒಂದು ಮಾತೂ ಕೇಳದೆ. ಅವನು ಹಲ್ಲು ಕಚ್ಚಿದ. ಕೈಯಲ್ಲಿದ್ದ ಹಗ್ಗವನ್ನು ಸುತ್ತಿ, ಸಿಕ್ಕಾಗದ ಹಾಗೆ ತುದಿ ಒಳಗೆ ಸೇರಿಸಿ, ಗೂಟದ ಪಕ್ಕ ಇಟ್ಟ. ಹಲಗೆಯ ಮೇಲೆ ಕಾಲಿಟ್ಟು ದಕ್ಕೆಗೆ ದಾಟಿದ. ನಿಂತಿದ್ದವರು ಎರಡು ಪಾಲಾಗಿ ದಾರಿ ಬಿಟ್ಟರು.

"ಏಯ್," ಎಂದ ಭಾವ. "ಕೇಳಿಸ್ಲಿಲ್ವಾ? ನಿನ್ನನ್ನೇ ಕೇಳ್ತಿರೋದು."

ಅವನು ಐಸಿನ ಚೂರುಗಳು ಕರಗಿ ಹರಿಯುತ್ತಿದ್ದ ಕಾಲುವೆಯನ್ನು ದಾಟಿದ, ಖಾಲಿ ಬುಟ್ಟಿಗಳ ಗೋಪುರವನ್ನು ದಾಟಿದ. ಇಂಜಿನ್ನು ಗುರುಗುಟ್ಟುತ್ತಲೇ ಇತ್ತು. ಹಿಂದೆ ಯಾರೂ ನಗಲಿಲ್ಲ. ಭಾವ ಇನ್ನೊಮ್ಮೆ ಕೂಗಿದ, ಮತ್ತೊಮ್ಮೆ ಕೂಗಿದ. ಆ ಕೊನೆಯ ಕೂಗಿನಲ್ಲಿ ಸಿಟ್ಟೂ ಇರಲಿಲ್ಲ, ಯಜಮಾನಿಕೆಯೂ ಇರಲಿಲ್ಲ, ನಿದ್ದೆಗೆಟ್ಟ ಒಬ್ಬ ಮನುಷ್ಯ ಹೇಗಾದರೂ ಒಂದು ದನಿ ಬರಲಿ ಎಂದು ಕಾಯುವುದಿತ್ತು. ಅವನು ಬಾಯಿ ಮುಚ್ಚಿಕೊಂಡು ಗೇಟಿನ ಕಡೆ ನಡೆದ.